ಮಾಳಿಗೆ ಶಾಲೆಯ ಎರಡು ಸಾಲು ದೋಣಿ

೧೯೯೮ರಲ್ಲಿ ನಾನು ಚಳ್ಳಕೆರೆಯ ಎಂಜಿನಿಯರಿಂಗ್ ಉಪವಿಭಾಗದಲ್ಲಿ ಸಹಾಯಕ ಎಂಜಿನಿಯರ್ ಆಗಿದ್ದೆ. ಚಳ್ಳಕೆರೆ, ಮೊಳಕಾಲ್ಮೂರು ಎರಡೂ ತಾಲ್ಲೂಕಿನ ಶಾಲಾ ಕಟ್ಟಡಗಳು ನಮ್ಮ ಕಚೇರಿಯ ಪಾಲಿಗಿದ್ದವು. ಅದೇ ಕಚೇರಿಯಲ್ಲಿ, ನನ್ನ ಎದುರು ಮೇಜಿನಲ್ಲಿ, ನನ್ನದೇ ಹುದ್ದೆಯ ತಿಪ್ಪೇಸ್ವಾಮಿ ಕೂರುತ್ತಿದ್ದ. ಆ ವರ್ಷ ನಡೆದದ್ದನ್ನು ಸರಿಯಾಗಿ ಹೇಳಬೇಕಾದರೆ ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ತಿಪ್ಪೇಸ್ವಾಮಿಯನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು.

ಕಾರಣ ಕೇಳಿದರೆ ಒಂದೊಂದೂ ಚಿಲ್ಲರೆಯೇ. ಇಬ್ಬರೂ ಒಂದೇ ವರ್ಷ ಸೇವೆಗೆ ಸೇರಿದವರು. ಪರೀಕ್ಷೆಯಲ್ಲಿ ನನ್ನ ಅಂಕವೇ ಹೆಚ್ಚು. ಆದರೆ ಅವನು ಪರಶುರಾಂಪುರದ ಕಡೆ ಒಂದು ಮೋರಿ ನೋಡಲು ಹೋದರೆ ಬರುವಾಗ ಬೈಕಿನ ಹಿಂದೆ ಹಸಿ ಶೇಂಗಾದ ಚೀಲ ಇರುತ್ತಿತ್ತು. ಅದೇ ಮೋರಿಗೆ ನಾನು ಹೋದರೆ ಕೂರಲು ಕುರ್ಚಿ ತರುವವರೂ ಇರುತ್ತಿರಲಿಲ್ಲ. ಕಚೇರಿಯ ಜವಾನ ಚಹಾ ತಂದರೆ ಮೊದಲ ಲೋಟ ಅವನ ಮೇಜಿಗೆ. ಅವನ ಬಳಿ ಒಳ್ಳೆಯ ಕ್ಯಾಮೆರಾ ಇತ್ತು, ನಗುವ ಮುಖ ಇತ್ತು, ಯಾರ ಮನೆಯ ಜಗಲಿಯಲ್ಲಾದರೂ ಕೂತು ಎರಡೇ ಮಾತಿಗೆ ಅವರ ನೆಂಟನಾಗುವ ಚಾಳಿ ಇತ್ತು. ಒಮ್ಮೆ ಅವನು ನಮ್ಮ ಮನೆಗೆ ಬಂದು ಹೋದ ಮೇಲೆ ನನ್ನ ಹೆಂಡತಿಯೇ, "ಅವ್ರು ಎಷ್ಟು ಚೆನ್ನಾಗಿ ಮಾತಾಡ್ತಾರೆ. ನೀವೂ ಒಂದೀಟು ನಕ್ರೆ ನಿಮ್ಮ ಗಂಟೇನು ಹೋಗ್ತೈತೆ?" ಅಂದಳು. ಅವತ್ತು ನನಗೆ ಊಟ ಸೇರಲಿಲ್ಲ.

ಆ ಬೇಸಿಗೆಯಲ್ಲಿ ಮೇಲಿನಿಂದ ಆದೇಶ ಬಂತು. ಐವತ್ತು ವರ್ಷ ದಾಟಿದ ಶಾಲಾ ಕಟ್ಟಡಗಳನ್ನೆಲ್ಲ ಹೋಗಿ ನೋಡಿ, ಒಂದೊಂದರ ಮುಂದೆಯೂ ಎರಡರಲ್ಲಿ ಒಂದು ಮಾತು ಬರೆಯಬೇಕು: 'ಉಳಿಸಬಹುದು' ಇಲ್ಲವೇ 'ಕೆಡವತಕ್ಕದ್ದು'. ಇದಕ್ಕೆ ಕಂಡೀಶನ್ ಸರ್ವೆ ಎನ್ನುತ್ತಾರೆ. ಡಾಕ್ಟರು ರೋಗಿಯ ನಾಡಿ ಹಿಡಿದು ನೋಡುವಂತೆ ಕಟ್ಟಡವನ್ನು ತಟ್ಟಿ, ಮುಟ್ಟಿ, ಅಳೆದು ನೋಡುವ ಕೆಲಸ. ನಮ್ಮ ಮೇಲಧಿಕಾರಿ ರಂಗರಾಜು ಸಾಹೇಬರು ನನಗೆ ಚಳ್ಳಕೆರೆ ಪಟ್ಟಣವನ್ನೂ ಪರಶುರಾಂಪುರ ಹೋಬಳಿಯನ್ನೂ ಹಂಚಿದರು. ಬೆಟ್ಟ, ರೇಷ್ಮೆ ಸೀರೆ, ಒಳ್ಳೆಯ ಫೋಟೋ ಎಲ್ಲ ಸಿಗುವ ಮೊಳಕಾಲ್ಮೂರು ತಿಪ್ಪೇಸ್ವಾಮಿಗೆ ಹೋಯಿತು. ಎಂದಿನಂತೆ ನನಗೆ ಎಣ್ಣೆ ಮಿಲ್ಲು, ಅವನಿಗೆ ರೇಷ್ಮೆ.

ಚಳ್ಳಕೆರೆಯಲ್ಲಿ ಐದು ವರ್ಷದಿಂದ ಇದ್ದೆನಾದರೂ ಮನೆ, ಕಚೇರಿ, ಬಸ್ ನಿಲ್ದಾಣ ಬಿಟ್ಟು ನಾನು ಆ ಊರನ್ನು ನೋಡಿರಲೇ ಇಲ್ಲ. ಸರ್ವೆಯ ನೆಪದಲ್ಲಿ ಎಣ್ಣೆ ಮಿಲ್ಲುಗಳ ಹಿಂದಿನ ಓಣಿಗಳಿಗೆ ಮೊದಲ ಸಲ ಕಾಲಿಟ್ಟೆ. ಶೇಂಗಾ ಹಿಂಡಿಯ ವಾಸನೆ ಅಲ್ಲಿನ ಗೋಡೆಗಳಿಗೇ ಅಂಟಿಕೊಂಡಿತ್ತು. ಒಂದು ಓಣಿಯಲ್ಲಿ ಹೆಂಗಸರು ಕುರಿಯ ಉಣ್ಣೆ ಹಿಂಜುತ್ತಾ ಕೂತಿದ್ದರು. ಹಳೇ ಶಾಲೆ ಎಲ್ಲಿ ಎಂದು ಬೆಲ್ಲದಂಗಡಿಯ ಸಾಬರನ್ನು ಕೇಳಿದೆ. "ಸೀದಾ ಹೋಗಿ ಬಾಜೂಗೆ ತಿರುಗ್ರಿ ಸಾಬ್, ಬೇವಿನ ಮರ ಕಾಣ್ತೈತೆ. ನಮ್ಮ ಅಬ್ಬಾ ಅಲ್ಲೇ ಓದಿದ್ದು," ಅಂದರು. ನನ್ನ ಹೆಸರು ಕೇಳಲಿಲ್ಲ, ಚಹಾ ಕುಡೀರಿ ಅನ್ನಲೂ ಇಲ್ಲ. ತಿಪ್ಪೇಸ್ವಾಮಿ ಕೇಳಿದ್ದರೆ ಸಾಬರು ಅಂಗಡಿ ಮುಚ್ಚಿಕೊಂಡು ದಾರಿ ತೋರಿಸಲು ಜೊತೆಗೇ ಬರುತ್ತಿದ್ದರು ಎಂದುಕೊಂಡು ಬಾಜೂಗೆ ತಿರುಗಿದೆ.

ಬೇವಿನ ಮರದ ಕೆಳಗೆ ಇದ್ದದ್ದು ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆಯ ಶಾಲೆ. ಈಗಿನವರಿಗೆ ಮಾಳಿಗೆ ಎಂದರೆ ಗೊತ್ತಾಗಲಿಕ್ಕಿಲ್ಲ. ಗೋಡೆಯ ಮೇಲೆ ತೊಲೆ, ತೊಲೆಯ ಮೇಲೆ ಅಡ್ಡಕ್ಕೆ ಜಂತೆ, ಅದರ ಮೇಲೆ ಬಂದರಿಕೆ ಸೊಪ್ಪು ಹಾಸಿ ಮಣ್ಣು ಬಡಿಯುತ್ತಾರೆ. ಎಲ್ಲಕ್ಕೂ ಮೇಲೆ ಚೌಳು ಮಣ್ಣು. ಉಪ್ಪಿನ ಅಂಶ ಇರುವ ಈ ಬಿಳಿ ಮಣ್ಣು ಮಳೆಗೆ ನೆನೆದರೆ ಬಿಗಿದುಕೊಂಡು ನೀರನ್ನು ಕೆಳಗೆ ಇಳಿಯಗೊಡುವುದಿಲ್ಲ. ಮಾಳಿಗೆಯ ನೀರು ಹೊರಗೆ ಬೀಳಲು ಗೋಡೆಯಿಂದ ಬೀದಿಯ ಕಡೆಗೆ ಚಾಚಿದ ಕಲ್ಲಿನ ದೋಣಿಗಳ ಒಂದು ಸಾಲು ಇರುತ್ತದೆ. ಪ್ರತಿವರ್ಷ ಮುಂಗಾರಿಗೆ ಮುಂಚೆ ಹಳೆಯ ಚೌಳು ಕೆರೆದು ತೆಗೆದು ಹೊಸದು ಹಾಕುವುದು ಬಯಲುಸೀಮೆಯ ಪದ್ಧತಿ. ಚಳ್ಳಕೆರೆಯ ಶಾಲೆಯಲ್ಲಿ ಯಾರೂ ಹಾಕದೆ ಬಿಟ್ಟು ಮಾಳಿಗೆ ಸೋರಿ, ತೊಲೆಗಳು ಕೊಳೆತು ಲಡ್ಡಾಗಿದ್ದವು. ಅದರ ಮುಂದೆ 'ಕೆಡವತಕ್ಕದ್ದು' ಎಂದು ಬರೆದೆ.

ಹೀಗೆ ಊರೂರು ಅಲೆದು ನಾನು ಬರೆದ ವರದಿ ದಪ್ಪಗಿತ್ತು, ಅಚ್ಚುಕಟ್ಟಾಗಿತ್ತು. ಯಾರೂ ಓದಲಿಲ್ಲ. ತಿಪ್ಪೇಸ್ವಾಮಿಯದು ಅದರ ಅರ್ಧವೂ ಇರಲಿಲ್ಲ, ಆದರೆ ತುಂಬಾ ಫೋಟೋ ಅಂಟಿಸಿದ್ದ. ಅದರಲ್ಲಿ ಮೊಳಕಾಲ್ಮೂರಿನ ನೇಕಾರರ ಕೇರಿಯ ಒಂದು ಶಾಲೆಯ ಬಗ್ಗೆ ಬರೆದದ್ದನ್ನು ರಂಗರಾಜು ಸಾಹೇಬರು ಇಡೀ ಕಚೇರಿಗೆ ಕೇಳುವ ಹಾಗೆ ಓದಿದರು. ಗೋಡೆ ದಪ್ಪ ಮೂರು ಅಡಿ, ಬಿರುಕಿಲ್ಲ. ತೊಲೆಗಳ ತುದಿಗೆ ಗೆದ್ದಲು ಹತ್ತಿಲ್ಲ. ಒಳಗೆ ಹಲಗೆಯ ಸೀಲಿಂಗ್. ಎಂಥ ಮಳೆಗೂ ಒಂದು ಹನಿ ಸೋರಿಲ್ಲ. ಕೇರಿಯ ಜನ ಈ ಶಾಲೆಯನ್ನು ಸ್ವಂತ ಮನೆಯಂತೆ ಕಾಪಾಡಿಕೊಂಡು ಬಂದಿದ್ದಾರೆ. ಉಳಿಸಬಹುದು.

"ನೋಡ್ರಯ್ಯ, ವರದಿ ಅಂದ್ರೆ ಹಿಂಗಿರ್ಬೇಕು," ಅಂದರು ಸಾಹೇಬರು. ನನ್ನ ವರದಿ ಅವರ ಮೇಜಿನ ಮೇಲೇ ಇತ್ತು. ಅದರ ಮೇಲೆ ಚಹಾದ ಲೋಟ ಇಟ್ಟಿದ್ದರು.

ಕೆಲವು ದಿನ ಕಳೆದು ಸಾಹೇಬರು ನನ್ನನ್ನು ಒಳಗೆ ಕರೆದರು. "ಚಂದ್ರಣ್ಣ, ಮೊಳಕಾಲ್ಮೂರಿಗೆ ಹೋಗಿ ಆ ಮಾಳಿಗೆ ಶಾಲೇನ ಇನ್ನೊಂದ್ಸಲ ನೋಡ್ಕೊಂಡು ಬಾ. ಮಕ್ಕಳು ಕೂರೋ ಜಾಗ."

"ತಪ್ಪು ಸಿಕ್ರೆ ಸಾರ್?"

"ಸಿಕ್ರೆ ಬರಿ. ಕೊನೇ ಮಾತು ನಿಂದೇ."

ಹೊರಗೆ ಬಂದಾಗ ತಿಪ್ಪೇಸ್ವಾಮಿ ಶೇಂಗಾ ಸುಲಿಯುತ್ತಾ ಕೂತಿದ್ದ. "ಎಲ್ಲಿಗೋ ಹೊರಟಂಗೈತೆ?" ಅಂದ. "ಕೆಲಸ ಐತೆ," ಅಂದೆ. ನನಗಾದ ಖುಷಿಯನ್ನು ಮುಚ್ಚಿಡಲು ಬಹಳ ಕಷ್ಟಪಟ್ಟೆ.

ಮರುದಿನ ಬೆಳಿಗ್ಗೆಯೇ ತಳಕು, ಬಿ.ಜಿ. ಕೆರೆ ದಾಟಿ ಬಸ್ಸು ಮೊಳಕಾಲ್ಮೂರು ಮುಟ್ಟಿತು. ಶಾಲೆಗಳು ಆಗಷ್ಟೇ ತೆರೆದಿದ್ದವು. ಗುಂಡುಕಲ್ಲಿನ ಬೆಟ್ಟಗಳ ಮೇಲೆ ಮುಂಗಾರಿನ ಮೋಡ ಕೂತಿತ್ತು. ಸೀರೆ ಕೊಳ್ಳಲು ಬರುವವರು ಮುಖ್ಯರಸ್ತೆಯ ಅಂಗಡಿಗಳಲ್ಲೇ ವ್ಯಾಪಾರ ಮುಗಿಸಿ ಹೋಗುತ್ತಾರೆ. ಆ ಸೀರೆ ಹುಟ್ಟುವ ಬೀದಿಗಳಿಗೆ ಯಾರೂ ಬರುವುದಿಲ್ಲ. ನಾನು ನಡೆದು ಹೋದ ಕೇರಿಯಲ್ಲಿ ಮನೆಮನೆಯ ಒಳಗೂ ಗುಂಡಿ ಮಗ್ಗದ ಸದ್ದು. ಗೋಡೆಗೆ ಗೋಡೆ ತಾಗಿದ ಸಣ್ಣ ಮನೆಗಳು, ಬಾಗಿಲಲ್ಲಿ ಒಣಹಾಕಿದ ಬಣ್ಣದ ನೂಲಿನ ಲಡಿಗಳು. ಕೇರಿಗೆ ಎರಡು ಬೀದಿ: ಮೇಲಿನ ಬೀದಿ, ಕೆಳಗಿನ ಬೀದಿ. ಎರಡರ ನಡುವೆ, ಎರಡಕ್ಕೂ ಮುಖ ಕೊಟ್ಟುಕೊಂಡು, ಆ ಶಾಲೆ.

ಇಂಥ ಕಟ್ಟಡ ನಾನು ಎರಡೂ ತಾಲ್ಲೂಕಿನಲ್ಲಿ ನೋಡಿರಲಿಲ್ಲ. ಕರೀಕಲ್ಲಿನ ಗೋಡೆ, ಉದ್ದನೆಯ ಪಡಸಾಲೆ, ನುಣ್ಣಗೆ ಕೆತ್ತಿದ ಕಂಬಗಳು. ಇದೂ ಅವನ ಪಾಲಿಗೇ ಬಂತಲ್ಲ ಎಂದು ಒಂದು ಕ್ಷಣ ನಿಂತುಬಿಟ್ಟೆ. ಅಷ್ಟರಲ್ಲಿ ಜಗಲಿಯ ಮೇಲಿದ್ದವರೊಬ್ಬರು, "ಎಂಜಿನಿಯರ್ ಸಾಹೇಬ್ರಾ? ತಿಪ್ಪೇಸ್ವಾಮಿ ಸಾರ್ ಬರ್ಲಿಲ್ವಾ?" ಎಂದು ಕೇಳಿದರು. ಮುಂದಿನ ಮನೆಯಲ್ಲೂ ಅದೇ ಪ್ರಶ್ನೆ. ಶಾಲೆಯ ಬಾಗಿಲು ಮುಟ್ಟುವಷ್ಟರಲ್ಲಿ ನಾನು ಯಾರು ಎನ್ನುವುದಕ್ಕಿಂತ ನಾನು ಯಾರಲ್ಲ ಎನ್ನುವುದು ಎರಡೂ ಬೀದಿಗೆ ತಿಳಿದಿತ್ತು.

ಮುಖ್ಯೋಪಾಧ್ಯಾಯಿನಿ ಸುಶೀಲಮ್ಮನವರು ಐವತ್ತರ ಆಸುಪಾಸಿನ, ಕಡಿಮೆ ಮಾತಿನ ಹೆಂಗಸು. ನಾನು ಎರಡನೇ ಸಲದ ತಪಾಸಣೆಗೆ ಬಂದಿದ್ದೇನೆ ಎಂದ ಕೂಡಲೇ ಅವರ ಮುಖ ಸಣ್ಣದಾಯಿತು. "ಕೆಡವಿ ಅಂತ ಬರೆದ್ರೆ ಇಲ್ಲಿ ಮತ್ತೆ ಕಟ್ಟಲ್ಲ ಸಾರ್," ಅಂದರು. "ಹೆದ್ದಾರಿ ಆಚೆ ಇರೋ ದೊಡ್ಡ ಶಾಲೆಗೆ ಸೇರಿಸ್ತಾರೆ. ಗಂಡುಹುಡುಗ್ರು ಹೋಗ್ತಾರೆ. ಹೆಣ್ಣುಮಕ್ಕಳನ್ನ ಅಷ್ಟು ದೂರ ಯಾರೂ ಕಳಿಸಲ್ಲ. ಮಗ್ಗದ ಮುಂದೆ ಕೂರಿಸ್ತಾರೆ, ಅಲ್ಲಿಗೆ ಮುಗೀತು."

ಅವರ ಮಾತು ಕೇಳಿಸಿಕೊಂಡೆ. ಆದರೆ ನನ್ನ ತಲೆಯಲ್ಲಿ ಇದ್ದದ್ದು ತಿಪ್ಪೇಸ್ವಾಮಿಯ ವರದಿ. ಮಧ್ಯಾಹ್ನದವರೆಗೆ ಆ ಕಟ್ಟಡದ ಮೈಯೆಲ್ಲ ತಡಕಿದೆ. ತೂಗುಗುಂಡು ಇಳಿಬಿಟ್ಟು ನೋಡಿದರೆ ಗೋಡೆ ನೆಟ್ಟಗಿತ್ತು. ಗೋಡೆಯ ಬಳಿ ಸೀಲಿಂಗಿನ ಹೊರಗೆ ಕಾಣುವ ತೊಲೆಗಳ ತುದಿಗೆ ಉಳಿಯಿಂದ ಚುಚ್ಚಿದರೆ ಕಲ್ಲಿಗೆ ಚುಚ್ಚಿದಂತೆ ಠಣ್ ಎಂದಿತು. ತಳಪಾಯ ಕುಸಿದಿರಲಿಲ್ಲ. ತಿಪ್ಪೇಸ್ವಾಮಿ ಬರೆದದ್ದೆಲ್ಲ ಅಕ್ಷರಶಃ ನಿಜ. ಒಂದೇ ಒಂದು ಬಿರುಕಾದರೂ ಸಿಗಬಾರದೇ ಎಂದು ಒಬ್ಬ ಎಂಜಿನಿಯರ್ ಅಷ್ಟು ಆಸೆಯಿಂದ ಗೋಡೆ ನೋಡಿದ್ದು ಬಹುಶಃ ಅದೇ ಮೊದಲು.

ಮುಖ ಗಂಟು ಹಾಕಿಕೊಂಡು ಬೀದಿಗೆ ಬಂದು ನಿಂತೆ. ಕತ್ತೆತ್ತಿದಾಗ ಮಾಳಿಗೆಯ ದೋಣಿಗಳು ಕಂಡವು. ತಿಪ್ಪೇಸ್ವಾಮಿ ಇವನ್ನೇ ಸಂಜೆಯ ಬಿಸಿಲಲ್ಲಿ ಚಂದವಾಗಿ ಫೋಟೋ ಹಿಡಿದಿದ್ದ. ಕೆಳಗಡೆ ಕಲ್ಲಿನ ದೋಣಿಗಳ ಒಂದು ಸಾಲು. ಅದರ ಮೇಲೆ ತಗಡಿನ ದೋಣಿಗಳ ಇನ್ನೊಂದು ಸಾಲು.

ಎರಡು ಸಾಲು ಏಕೆ? ಕಲ್ಲಿನ ದೋಣಿಗಳ ಬಾಯಲ್ಲಿ ಗುಬ್ಬಿಗಳು ಗೂಡು ಕಟ್ಟಿದ್ದವು. ಅಂದರೆ ಅವುಗಳಲ್ಲಿ ನೀರು ಹರಿದು ಎಷ್ಟೋ ವರ್ಷವಾಗಿತ್ತು. ನೀರು ಬರುತ್ತಿದ್ದದ್ದು ಮೇಲಿನ ತಗಡಿನ ಸಾಲಿನಿಂದ. ಹಾಗಾದರೆ ಮಾಳಿಗೆಯೇ ಮೇಲಕ್ಕೆ ಬಂದಿರಬೇಕು.

ಏಣಿ ತರಿಸಿ ಹತ್ತಿದೆ. ಮಾಳಿಗೆಯ ಸುತ್ತ ಇರುವ ಮೋಟುಗೋಡೆ ಬೀದಿಯಿಂದ ನೋಡಿದರೆ ಎದೆಯೆತ್ತರ ಕಾಣುತ್ತಿತ್ತು. ಮೇಲೆ ನಿಂತರೆ ನನ್ನ ಹಿಮ್ಮಡಿಯ ಗಂಟಿಗೆ ಬರುತ್ತಿತ್ತು. ಉಳಿದ ಗೋಡೆ ಎಲ್ಲಿ ಹೋಯಿತು? ಹಾರೆ ತೆಗೆದುಕೊಂಡು ನಡುಮಾಳಿಗೆಯಲ್ಲಿ ಒಂದು ಗುಂಡಿ ತೋಡಿದೆ. ಮಾಳಿಗೆಯ ಮಣ್ಣು ಒಂದಡಿ ಇದ್ದರೆ ಹೆಚ್ಚು. ಇಲ್ಲಿ ಒಂದಡಿ ಆಯಿತು, ಎರಡಡಿ ಆಯಿತು, ಇನ್ನೂ ಚೌಳು ಬರುತ್ತಲೇ ಇತ್ತು. ಬಂದರಿಕೆ ಸೊಪ್ಪಿನ ಕಡ್ಡಿ ಸಿಕ್ಕಿದ್ದು ಮೂರಡಿಗೆ ಸ್ವಲ್ಪ ಮೊದಲು. ಒಂದು ಕಟ್ಟಡ ಯಾವಾಗಲೂ ಹೊತ್ತುಕೊಂಡೇ ಇರುವ ಭಾರಕ್ಕೆ ಡೆಡ್ ಲೋಡ್ ಎನ್ನುತ್ತೇವೆ. ಆ ತೊಲೆಗಳು ತಾವು ಹೊರಬೇಕಾದ ಭಾರದ ಎರಡು ಪಟ್ಟಿಗೂ ಮೀರಿ ಹೊತ್ತು ನಿಂತಿದ್ದವು. ಇನ್ನು ಮಳೆ ಬಂದು ಅಷ್ಟೂ ಮಣ್ಣು ನೆನೆದರೆ ಭಾರ ಮತ್ತೂ ಏರುತ್ತದೆ.

ಸಿಕ್ಕಿದ ಮಗ! ಮಾಳಿಗೆಯ ಮೇಲೆ ಒಬ್ಬನೇ ನಿಂತು ನಕ್ಕೆ. ಅಷ್ಟರಲ್ಲಿ ನನ್ನ ಕಾಲ ಕೆಳಗಿನಿಂದ ಮಕ್ಕಳು ಒಕ್ಕೊರಲಿನಲ್ಲಿ ಮಗ್ಗಿ ಹೇಳುವುದು ಕೇಳಿಸಿತು. ಇಳಿದು ಓಡಿ, ಸುಶೀಲಮ್ಮನವರಿಗೆ ಹೇಳಿ, ಮಕ್ಕಳನ್ನೆಲ್ಲ ಬೀದಿಯ ಮೂಲೆಯ ಭಜನೆ ಮನೆಗೆ ಸಾಗಿಸಿದೆ. ಆಮೇಲೆ ಒಬ್ಬ ಬಡಗಿಯನ್ನು ಕರೆಸಿ ಸೀಲಿಂಗಿನ ನಾಲ್ಕು ಹಲಗೆ ಕೀಳಿಸಿದೆ. ಗೋಡೆಯ ಬಳಿ ಅಷ್ಟು ಗಟ್ಟಿಯಾಗಿದ್ದ ತೊಲೆಗಳು ನಡುವೆ ನಾಲ್ಕು ಬೆರಳು ಬಾಗಿದ್ದವು. ಎರಡು ತೊಲೆಗಳ ಹೊಟ್ಟೆಯಲ್ಲಿ ಉದ್ದಕ್ಕೆ ಸೀಳು ಬಿಟ್ಟಿತ್ತು. ಹಲಗೆಗಳು ಅದನ್ನು ಮುಚ್ಚಿಕೊಂಡಿದ್ದವು.

ಮಗ್ಗದ ಸದ್ದು ನಿಂತು ಎರಡೂ ಬೀದಿಯ ಜನ ಶಾಲೆಯ ಮುಂದೆ ಸೇರಿದರು. ಇಷ್ಟು ಮಣ್ಣು ಹಾಕಿದವರು ಯಾರು ಎಂದು ಕೇಳಿದೆ. ಮೇಲಿನ ಬೀದಿಯ ಹಿರಿಯ ನರಸಪ್ಪ ಎದೆ ಉಬ್ಬಿಸಿಕೊಂಡು ಮುಂದೆ ಬಂದರು. "ನಾವೇ ಸಾರ್. ಯುಗಾದಿ ಕಳೆದ ಮೇಲೆ ಮನೆಗೊಂದು ಪುಟ್ಟಿ ಚೌಳು ಹಾಕ್ತೀವಿ. ನಮ್ಮ ತಾತನ ಕಾಲದಿಂದ ಒಂದು ವರ್ಷ ತಪ್ಪಿಲ್ಲ."

"ಹಳೇದನ್ನ ಕೆರೆದು ತೆಗಿಯಲ್ವಾ?"

ನರಸಪ್ಪ ಕೆಳಗಿನ ಬೀದಿಯವರ ಕಡೆ ಒಂದು ನೋಟ ಬಿಟ್ಟರು. "ತೆಗೆದ್ರೆ ನಮ್ಮ ಕಡೆ ತಗ್ಗಾಗ್ತೈತಲ್ಲ ಸಾರ್. ಅವ್ರ ನೀರೆಲ್ಲ ನಮ್ಮ ಕಡೀಗೆ ಬರ್ತೈತೆ."

ಆಗ ವಿಷಯ ಬಿಚ್ಚಿಕೊಂಡಿತು. ಮಾಳಿಗೆಯಲ್ಲಿ ಮೇಲಿನ ಬೀದಿಯ ಕಡೆಗಿರುವ ಅರ್ಧ ಅವರ ಪಾಲು, ಕೆಳಗಿನ ಬೀದಿಯ ಕಡೆಗಿರುವ ಅರ್ಧ ಇವರ ಪಾಲು. ಯಾರ ಅರ್ಧ ತಗ್ಗಾಗಿರುತ್ತದೋ ಅಲ್ಲಿ ನೀರು ನಿಲ್ಲುತ್ತದೆ, ಅಲ್ಲೇ ಸೋರುತ್ತದೆ. ಸೋರಿದರೆ ಆ ಬೀದಿಗೆ ಅವಮಾನ. ಹಾಗಾಗಿ ಇವರು ಒಂದು ಪುಟ್ಟಿ ಹಾಕಿದರೆ ಅವರು ಒಂದೂವರೆ, ಅವರು ಒಂದೂವರೆ ಹಾಕಿದರೆ ಇವರು ಎರಡು. ಕಲ್ಲಿನ ದೋಣಿ ಮುಚ್ಚಿಹೋದಾಗ ಮೇಲೆ ತಗಡಿನ ದೋಣಿ ಇಟ್ಟು ಮುಂದುವರಿಸಿದ್ದರು. ಶಾಲೆಯ ಮೇಲಿನ ಪ್ರೀತಿ ಇತ್ತು, ಸುಳ್ಳಲ್ಲ. ಅದಕ್ಕಿಂತ ಹೆಚ್ಚಾಗಿ ಎದುರು ಬೀದಿಯ ಮೇಲಿನ ಹೊಟ್ಟೆಕಿಚ್ಚು ಇತ್ತು. ಆ ಮೂರಡಿ ಮಣ್ಣು ಅಷ್ಟೂ ಹೊಟ್ಟೆಕಿಚ್ಚೇ. ತಿಪ್ಪೇಸ್ವಾಮಿ ಬಂದಾಗ ಇದೇ ಮಾಳಿಗೆಯ ಮೇಲೆ ಚಾಪೆ ಹಾಸಿ ಒಗ್ಗರಣೆ ಮಂಡಕ್ಕಿ ಕೊಟ್ಟಿದ್ದರಂತೆ. ಎರಡೂ ಬೀದಿಯವರು ಪೈಪೋಟಿಯ ಮೇಲೆ ಉಪಚಾರ ಮಾಡುವಾಗ ಕಾಲ ಕೆಳಗೆ ಏನಿದೆ ಎಂದು ಯಾರು ನೋಡುತ್ತಾರೆ? ನನಗೆ ನೀರನ್ನೂ ಕೊಟ್ಟಿರಲಿಲ್ಲ, ನಾನು ನೋಡಿದೆ.

ಜನರನ್ನು ಕಳಿಸಿ ಪಡಸಾಲೆಯಲ್ಲಿ ಒಬ್ಬನೇ ಕೂತೆ. 'ಕೆಡವತಕ್ಕದ್ದು' ಎಂದು ಒಂದು ಪದ ಬರೆದರೆ ಸಾಕಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ತೊಲೆ ಸೀಳಿದೆ, ಮಕ್ಕಳ ಜೀವದ ಪ್ರಶ್ನೆ, ಯಾವ ಅಧಿಕಾರಿಯೂ ಎದುರು ಮಾತಾಡುವುದಿಲ್ಲ. ಇಡೀ ಕಚೇರಿಗೆ ಓದಿ ಹೇಳಿದ ತಿಪ್ಪೇಸ್ವಾಮಿಯ ವರದಿ ಮಣ್ಣುಪಾಲು. ಜವಾನ ಮೊದಲ ಲೋಟವನ್ನು ಯಾರ ಮೇಜಿಗೆ ಇಡುತ್ತಾನೋ ನೋಡೋಣ ಎನಿಸಿತು.

ಆದರೆ ಭಜನೆ ಮನೆಯ ಕಡೆಯಿಂದ ಹುಡುಗಿಯರ ಗದ್ದಲ ಕೇಳುತ್ತಿತ್ತು. ಸುಶೀಲಮ್ಮನವರು ಪಡಸಾಲೆಯ ಕೊನೆಯಲ್ಲಿ ನಿಂತು ನನ್ನ ಕೈಯ ಪೆನ್ನನ್ನೇ ನೋಡುತ್ತಿದ್ದರು. ಅವರಿಗಾಗಿ ಮನಸ್ಸು ಕರಗಿತು ಎಂದು ಹೇಳಿದರೆ ಕೇಳಲು ಚೆನ್ನಾಗಿರುತ್ತದೆ. ಸ್ವಲ್ಪ ಕರಗಿದ್ದೂ ಹೌದು. ಆದರೆ ಪೆನ್ನನ್ನು ಜೇಬಿಗೆ ಹಾಕಿಸಿದ್ದು ಬೇರೆಯೇ ಯೋಚನೆ. ಉಳಿಸಬಹುದು ಎಂದು ತಿಪ್ಪೇಸ್ವಾಮಿ ಬರೀ ಬರೆದಿದ್ದ. ಬಿದ್ದುಹೋಗುವ ಸ್ಥಿತಿಯ ಅದೇ ಶಾಲೆಯನ್ನು ನಾನು ನಿಜವಾಗಿ ಉಳಿಸಿದರೆ? ಗೋಡೆ ಗಟ್ಟಿಯಿದೆ, ಬಹುಪಾಲು ತೊಲೆ ಗಟ್ಟಿಯಿವೆ. ಮಣ್ಣು ಇಳಿಸಿ, ಸೀಳಿದ ಎರಡು ತೊಲೆ ಬದಲಾಯಿಸಿದರೆ ಕಟ್ಟಡ ಇನ್ನೂ ಒಂದು ತಲೆಮಾರು ನಿಲ್ಲುತ್ತದೆ. ಆದರೆ ಮಳೆಗೆ ಮುಂಚೆ ಆಗಬೇಕು.

ಅವತ್ತೇ ಸಂಜೆ ತೊಲೆಗಳ ಕೆಳಗೆ ಮರದ ಕಂಬಗಳನ್ನು ಕೊಟ್ಟು ನಿಲ್ಲಿಸಿದೆ. ಇದಕ್ಕೆ ಪ್ರಾಪ್ ಎನ್ನುತ್ತಾರೆ, ಮುರಿದ ಕಾಲಿಗೆ ದಬ್ಬೆ ಕಟ್ಟಿದ ಹಾಗೆ. ಕೆಲಸ ಕೆಟ್ಟದ್ದು ಮಣ್ಣು ಇಳಿಸುವ ಮಾತು ಬಂದಾಗ. ಎರಡೂ ಬೀದಿಯವರನ್ನು ಕೂಡಿಸಿ ನಿಮ್ಮ ನಿಮ್ಮ ಮಣ್ಣು ತೆಗೀರಿ ಅಂದೆ. ಒಬ್ಬರೂ ಅಲುಗಾಡಲಿಲ್ಲ.

"ಮೊದ್ಲು ಅವ್ರು ತೆಗೀಲಿ," ಅಂದರು ನರಸಪ್ಪ.

ಕೆಳಗಿನ ಬೀದಿಯ ಲಕ್ಷ್ಮಕ್ಕ ಅರವತ್ತು ದಾಟಿದ ಗಟ್ಟಿ ಹೆಂಗಸು. ಅರ್ಧ ತೆಲುಗಿನಲ್ಲಿ, ಅರ್ಧ ಕನ್ನಡದಲ್ಲಿ ಸಿಡಿದರು. "ಏಮಿ ಸಾರ್ ಇದಿ? ನಾವು ತೆಗೆದ್ಮೇಲೆ ಇವ್ರು ತೆಗೀದೇ ಕೂತ್ರೆ? ಮಳೆಗಾಲ ಪೂರ್ತಿ ಇವ್ರ ಕೊಚ್ಚೆ ನಾವು ಕುಡೀಬೇಕಾ?"

ಮಕ್ಕಳ ಜೀವ ಅಂದೆ, ಒಗ್ಗಟ್ಟು ಅಂದೆ, ಭಾಷಣ ಮಾಡಿದೆ. ತಿಪ್ಪೇಸ್ವಾಮಿ ಇದ್ದಿದ್ದರೆ ನಗುನಗುತ್ತಾ ಎರಡು ಮಾತಾಡಿ ಎಲ್ಲರ ಕೈಗೂ ಸಲಿಕೆ ಕೊಟ್ಟುಬಿಡುತ್ತಿದ್ದ. ನನ್ನ ಮಾತಿಗೆ ಒಬ್ಬರೂ ತಲೆದೂಗಲಿಲ್ಲ. ಅವರ ಮುಖಗಳನ್ನು ನೋಡುತ್ತಾ ನಿಂತಿದ್ದಾಗ ನನಗೆ ಅನ್ನಿಸಿತು: ಈ ಮುಖ ನನಗೆ ಗೊತ್ತು. ಪ್ರತಿದಿನ ಕಚೇರಿಗೆ ಹೊರಡುವಾಗ ಕನ್ನಡಿಯಲ್ಲಿ ನೋಡುವ ಮುಖವೇ ಇದು. ಇಂಥ ಮುಖದವನಿಗೆ ತನ್ನದನ್ನು ಬಿಡು ಅಂದರೆ ಬಿಡುವುದಿಲ್ಲ. ಎದುರಿನವನದನ್ನು ಕಿತ್ತುಕೋ ಅಂದರೆ?

"ಸರಿ ಬಿಡ್ರಿ," ಅಂದೆ. "ನಿಮ್ಮ ಮಣ್ಣು ನೀವು ಮುಟ್ಟಬೇಡಿ. ಮೇಲಿನ ಬೀದಿಯವರು ಕೆಳಗಿನ ಬೀದಿಯವರ ಮಣ್ಣು ತೆಗೀರಿ. ಕೆಳಗಿನ ಬೀದಿಯವರು ಮೇಲಿನವರದ್ದು ತೆಗೀರಿ."

ಲಕ್ಷ್ಮಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಮರುದಿನ ಬೆಳಕು ಹರಿಯುವ ಮೊದಲೇ ಎರಡೂ ಬೀದಿಯವರು ಸಲಿಕೆ, ಪುಟ್ಟಿ ಹಿಡಿದು ಏಣಿಯ ಬುಡದಲ್ಲಿದ್ದರು. ನೇಕಾರರ ಕೈ ರೇಷ್ಮೆ ಎಳೆ ಹಿಡಿಯುವ ಕೈ, ಸಲಿಕೆ ಹಿಡಿದು ಅಭ್ಯಾಸವಿಲ್ಲ. ಆದರೂ ಎದುರಾಳಿಯ ಮಣ್ಣನ್ನು ಅಗೆಯುವ ಆ ಹುರುಪು ನಾನು ಯಾವ ಗುತ್ತಿಗೆದಾರನ ಆಳುಗಳಲ್ಲೂ ಕಂಡಿಲ್ಲ. ನರಸಪ್ಪ ಒಂದೊಂದು ಪುಟ್ಟಿ ಬೀದಿಗೆ ಸುರಿಯುವಾಗಲೂ, "ತಗಾ, ಇದು ನಿಮ್ಮಪ್ಪ ಹಾಕಿದ್ದು!" ಎನ್ನುತ್ತಿದ್ದರು. ಲಕ್ಷ್ಮಕ್ಕ ಆ ಕಡೆಯಿಂದ, "ಇದು ನಿಮ್ಮ ತಾತಂದು!" ಎನ್ನುತ್ತಿದ್ದರು. ಭಾರ ಒಂದೇ ಕಡೆ ಇಳಿದರೆ ಇನ್ನೊಂದು ಕಡೆಯ ತೊಲೆಗಳಿಗೆ ಅಪಾಯ. ಎರಡೂ ಕಡೆ ಸಮಸಮವಾಗಿ ಇಳಿಯಬೇಕು. ಅದಕ್ಕೆ ನಾನು ಕಾವಲು ಕೂರಬೇಕಾಗಲೇ ಇಲ್ಲ. ಒಬ್ಬರಿಗಿಂತ ಒಬ್ಬರು ಹಿಂದೆ ಬೀಳದಂತೆ ಅವರವರೇ ನೋಡಿಕೊಂಡರು.

ಕಲ್ಲಿನ ದೋಣಿಗಳು ಮತ್ತೆ ತೆರೆದುಕೊಂಡ ದಿನ ತಿಪ್ಪೇಸ್ವಾಮಿ ಬಂದ. ಬೈಕು ನಿಲ್ಲಿಸುವ ಮೊದಲೇ "ತಿಪ್ಪೇಸ್ವಾಮಿ ಸಾರ್ ಬಂದ್ರು!" ಎಂದು ಎರಡೂ ಬೀದಿಯಿಂದ ಕೂಗು ಎದ್ದಿತು. ಅವನು ನೇರ ಶಾಲೆಯೊಳಗೆ ನನ್ನ ಬಳಿ ಬಂದು, ಬಾಗಿದ ತೊಲೆಗಳನ್ನು ಬಹಳ ಹೊತ್ತು ನೋಡಿ, "ಇದು ನನ್ನ ಕಣ್ಣಿಗೆ ಬೀಳಲೇ ಇಲ್ಲ ನೋಡು," ಅಂದ. ಅವನ ಮುಖ ಬಿಳುಚಿಕೊಂಡಿತ್ತು. ಆಮೇಲೆ ಅವನು ಶರ್ಟಿನ ತೋಳು ಮಡಿಚಿ ಪುಟ್ಟಿ ಹೊರಲು ನಿಂತ. ಅದೇ ಹೊತ್ತಿಗೆ ಜಿಲ್ಲೆಯ ಒಂದು ಪತ್ರಿಕೆಯವರು ಬರಬೇಕೇ! ಎರಡು ದಿನ ಬಿಟ್ಟು ಫೋಟೋ ಅಚ್ಚಾಯಿತು. ತಲೆಯ ಮೇಲೆ ಪುಟ್ಟಿ ಹೊತ್ತು ನಗುತ್ತಿರುವ ತಿಪ್ಪೇಸ್ವಾಮಿ, ಅಕ್ಕಪಕ್ಕ ನರಸಪ್ಪ, ಲಕ್ಷ್ಮಕ್ಕ, ಕೆಳಗೆ 'ಶಾಲೆ ಉಳಿಸಿದ ಎಂಜಿನಿಯರ್' ಎಂಬ ಸಾಲು. ಬಲತುದಿಯಲ್ಲಿ ಒಂದು ಮೊಣಕೈ ಕಾಣುತ್ತದೆ. ಅದು ನನ್ನದು.

ತಿಪ್ಪೇಸ್ವಾಮಿ ಪತ್ರಿಕೆಗೆ ಫೋನ್ ಮಾಡಿ ತಿದ್ದಿಸಲು ನೋಡಿದನಂತೆ, ಅವರು ಹಾಕಲಿಲ್ಲ. ಆ ವಿಷಯ ತಿಳಿದು ನನ್ನ ಉರಿ ಇನ್ನೂ ಹೆಚ್ಚಾಯಿತು. ಒಳ್ಳೆಯವನಾಗಿಯೂ ಇರಬೇಕೇ ಅವನು? ನಾನು ನನ್ನ ವರದಿಯಲ್ಲಿ 'ದುರಸ್ತಿಯ ಮೇಲೆ ಉಳಿಸಬಹುದು' ಎಂದು ಬರೆದೆ. ಮಳೆ ಹಿಡಿಯುವ ಮೊದಲು ಎರಡು ತೊಲೆ ಬದಲಾಯಿತು, ತೆಳ್ಳಗೆ ಹೊಸ ಚೌಳು ಬಿತ್ತು, ಹುಡುಗಿಯರು ಭಜನೆ ಮನೆಯಿಂದ ತಮ್ಮ ತರಗತಿಗೆ ಮರಳಿದರು. ಪ್ರತಿವರ್ಷ ಹಳೆಯ ಚೌಳನ್ನು ಎದುರು ಬೀದಿಯವರೇ ಕೆರೆದು ತೆಗೆಯಬೇಕು ಎಂದು ಕೇರಿಯವರು ಕಟ್ಟುಪಾಡು ಮಾಡಿಕೊಂಡರು. ಶಾಲೆಯನ್ನು ಉಳಿಸಿದವರು ಯಾರು ಎಂದು ಈಗ ಹೋಗಿ ಕೇಳಿದರೂ ಅವರು ಹೇಳುವ ಹೆಸರು ಯಾವುದು ಎಂದು ಬೇರೆ ಹೇಳಬೇಕಾಗಿಲ್ಲ.

ಮೂರು ವರ್ಷದ ಮೇಲೆ ರಂಗರಾಜು ಸಾಹೇಬರು ನಿವೃತ್ತರಾದರು. ಬೀಳ್ಕೊಡುಗೆಯ ಊಟದ ನಂತರ ನನ್ನನ್ನು ಪಕ್ಕಕ್ಕೆ ಕರೆದರು. "ಅವತ್ತು ಮಾಳಿಗೆ ಶಾಲೆಗೆ ನಿನ್ನ ಕಳಿಸಿದ್ದು ನಾನು ಅಂತ ತಿಳ್ಕೊಂಡಿದ್ದೀಯಾ?"

"ಮತ್ತೆ ಯಾರು ಸಾರ್?"

"ತಿಪ್ಪೇಸ್ವಾಮೀನೇ ಬಂದು ಕೇಳ್ದ. 'ಆ ಜನ ನನ್ನ ಭಾಳ ಚೆನ್ನಾಗಿ ನೋಡ್ಕೊಂಡ್ರು ಸಾರ್, ಅದಕ್ಕೇ ನನ್ನ ವರದಿ ಮೇಲೆ ನನಗೇ ನಂಬಿಕೆ ಇಲ್ಲ. ಚಂದ್ರಣ್ಣನ್ನ ಕಳಿಸಿ. ನನ್ನ ಕಂಡ್ರೆ ಅವನಿಗೆ ಆಗಲ್ಲ. ಒಂದು ಬಿರುಕು ಇದ್ರೂ ಬಿಡಲ್ಲ' ಅಂದ."

ಎಲ್ಲ ಗೊತ್ತಿತ್ತು ಅವನಿಗೆ. ಗೊತ್ತಿದ್ದೂ ಪ್ರತಿ ಸಲ ಶೇಂಗಾದ ಅರ್ಧ ಚೀಲವನ್ನು ನನ್ನ ಮನೆಗೆ ಕಳಿಸುತ್ತಿದ್ದ. ನನ್ನ ಕೆಲಸದಲ್ಲಿ ತಪ್ಪು ಹುಡುಕಲು ನನ್ನನ್ನು ಕಂಡರಾಗದವನನ್ನೇ ಕಳಿಸಿ ಎಂದು ಕೇಳುವ ಎದೆಗಾರಿಕೆ ನನಗೆ ಯಾವತ್ತೂ ಬರುತ್ತಿರಲಿಲ್ಲ. ಅದಕ್ಕೂ ಹೊಟ್ಟೆ ಉರಿಯಿತು.

ನಾನೇನು ಕಡಿಮೆ ಎಂದು ಒಮ್ಮೆ ಪ್ರಯತ್ನಪಟ್ಟೆ. ಪರಶುರಾಂಪುರದ ಕಡೆ ಒಂದು ಪ್ರೌಢಶಾಲೆಯ ಕಟ್ಟಡದ ನಕ್ಷೆ ನನ್ನ ಕೈಯಲ್ಲಿ ತಯಾರಾಗಿತ್ತು. ಅದನ್ನು ತಿಪ್ಪೇಸ್ವಾಮಿಯ ಮುಂದೆ ಹರವಿ, "ಇದ್ರಾಗೆ ತಪ್ಪು ಹುಡುಕು," ಅಂದೆ. ಅವನು ಚಹಾ ಕುಡಿಯುತ್ತಾ, ತಲೆದೂಗುತ್ತಾ, ಖುಷಿಯಿಂದ ಪೂರ್ತಿ ನೋಡಿದ. "ಭಾಳ ಚೆನ್ನಾಗೈತೆ ಕಣಲೇ. ನಿನ್ನ ಕೆಲಸದಾಗೆ ನಾನೇನು ಹುಡುಕ್ಲಿ?" ಅಂದ. ಅವನಿಗೆ ನನ್ನ ಮೇಲೆ ಒಂದಿಷ್ಟೂ ಹೊಟ್ಟೆಕಿಚ್ಚು ಇರಲಿಲ್ಲ. ಇಷ್ಟು ವರ್ಷದಲ್ಲಿ ಒಂದು ದಿನವೂ ಇದ್ದಿರಲಿಲ್ಲ. ಅವನು ನನಗೆ ಮಾಡಿದ ಅತಿ ದೊಡ್ಡ ಅವಮಾನ ಎಂದರೆ ಅದೇ.

ಮನೆಗೆ ಬಂದು ನಕ್ಷೆಯನ್ನು ಮತ್ತೆ ಬಿಚ್ಚಿದೆ. ಏನು ತೋಚಿತೋ, ಮೂಲೆಯಲ್ಲಿ ನನ್ನ ಹೆಸರಿದ್ದ ಜಾಗದಲ್ಲಿ ಪೆನ್ಸಿಲಿನಿಂದ 'ತಿಪ್ಪೇಸ್ವಾಮಿ' ಎಂದು ಬರೆದು ನೋಡಲು ಕೂತೆ. ಮೆಟ್ಟಿಲಿನ ತಿರುವಿನಲ್ಲಿ ತೊಲೆಗೆ ಆಧಾರವೇ ಕೊಡದಿದ್ದದ್ದು ತಕ್ಷಣ ಕಣ್ಣಿಗೆ ಬಿತ್ತು.

ಮೆಚ್ಚುವ ಕಣ್ಣಿನಿಂದ ಕಟ್ಟಡ ನೋಡಬಾರದು ಎನ್ನುವುದನ್ನು ಈ ವೃತ್ತಿ ನನಗೆ ಕಲಿಸಿದ್ದು ಹಾಗೆ. ನಿವೃತ್ತಿಯವರೆಗೆ ನಾನು ಮಾಡಿದ ಒಂದೊಂದು ನಕ್ಷೆಯ ಮೇಲೂ, ಸಹಿ ಹಾಕುವ ಮೊದಲು, ಪೆನ್ಸಿಲಿನಿಂದ ಅವನ ಹೆಸರು ಬರೆದು, ಚೆನ್ನಾಗಿ ಹೊಟ್ಟೆ ಉರಿಸಿಕೊಂಡು ನೋಡಿ, ಆಮೇಲೆ ಅಳಿಸುತ್ತಿದ್ದೆ. ಆ ಶಾಲೆಗಳಲ್ಲಿ ಈಗಲೂ ಮಕ್ಕಳು ಓದುತ್ತಿದ್ದಾರೆ. ಒಂದರ ತೊಲೆಯೂ ಬಾಗಿಲ್ಲ.